ಡಾಲರ್ ಇಲ್ಲದ ಊರಿನಲ್ಲಿ ಫಿಟ್ಸ್ ಮಾತ್ರೆ

2022ರಲ್ಲಿ ಶ್ರೀಲಂಕಾ ದಿವಾಳಿ ಎದ್ದಾಗ ನಾನು ಕೊಲಂಬೊದಲ್ಲಿದ್ದೆ. ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮನೆಯಲ್ಲಿ ನಾನು, ಹೆಂಡತಿ, ಮತ್ತೆ ಕಾಲೇಜು ದಿನಗಳಿಂದ ನನ್ನನ್ನು ಬಿಡದ ಮೂರ್ಛೆ ರೋಗ. ಆ ವರ್ಷದ ಸುದ್ದಿ ಬಂದರೆ ಎಲ್ಲರೂ ಪೆಟ್ರೋಲ್ ಕ್ಯೂ, ಅಧ್ಯಕ್ಷರ ಮನೆಯ ಈಜುಕೊಳ ಇದನ್ನೇ ಹೇಳುತ್ತಾರೆ. ನನಗೆ ನೆನಪಾಗುವುದು ಮಾತ್ರೆಯ ಲೆಕ್ಕ. ಎಷ್ಟು ಉಳಿದಿದೆ, ಎಲ್ಲಿಯ ತನಕ ಬರುತ್ತದೆ, ಆಮೇಲೇನು?

ನನ್ನ ಮಾತ್ರೆ ಕಾರ್ಬಮಜೆಪೀನ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶುರು ಮಾಡಿದ್ದು. ನಿಧಾನವಾಗಿ ಕರಗುವ ಸಿಆರ್ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಅದರಿಂದ ಎಷ್ಟೋ ವರ್ಷ ಫಿಟ್ಸ್ ಬಂದಿರಲಿಲ್ಲ. ಈ ಕಾಯಿಲೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದು ತಲೆನೋವಿನ ಮಾತ್ರೆಯಲ್ಲ, ಬೇಕಾದಾಗ ನುಂಗಿ ಬೇಡವಾದಾಗ ಬಿಡುವುದಕ್ಕೆ. ರಕ್ತದಲ್ಲಿ ಅದರ ಮಟ್ಟ ಹಗಲೂ ರಾತ್ರಿ ಹೆಚ್ಚುಕಡಿಮೆ ಒಂದೇ ಥರ ಇರಬೇಕು. ದಿಢೀರ್ ನಿಲ್ಲಿಸಿದರೆ ಹಳೆಯ ಫಿಟ್ಸ್ ವಾಪಸ್ ಬರುವುದಷ್ಟೇ ಅಲ್ಲ, ಒಂದರ ಹಿಂದೆ ಒಂದು ನಿಲ್ಲದೆ ಬರುವ ಅಪಾಯ ಇದೆ. ಅದು ಜೀವಕ್ಕೇ ಕುತ್ತು. ಮಾತ್ರೆಯ ಜೊತೆಗೆ ನಿದ್ದೆ ಸರಿಯಾಗಿರಬೇಕು. ಒಟ್ಟಿನಲ್ಲಿ ಈ ಚಿಕಿತ್ಸೆ ನಿಂತಿರುವುದೇ ದಿನಚರಿಯ ಮೇಲೆ. ದೇಶದ ಖಜಾನೆ ಖಾಲಿಯಾದಾಗ ಸದ್ದಿಲ್ಲದೆ ಮೊದಲು ಹೋಗುವುದೂ ಆ ದಿನಚರಿಯೇ.

ಔಷಧಿಗೂ ಡಾಲರಿಗೂ ಏನು ಸಂಬಂಧ ಅಂತ ಕೇಳಬಹುದು. ಶ್ರೀಲಂಕಾಗೆ ಬೇಕಾದ ಔಷಧಿಯಲ್ಲಿ ಹೆಚ್ಚೂಕಡಿಮೆ ಶೇ. 80ರಷ್ಟು ಹೊರಗಿನಿಂದ ಬರಬೇಕು, ಅದರಲ್ಲೂ ಬಹಳಷ್ಟು ಭಾರತದಿಂದಲೇ. ತರಿಸಬೇಕಾದರೆ ಬ್ಯಾಂಕು ಎಲ್‌ಸಿ, ಅಂದರೆ ಮಾರುವವರಿಗೆ ದುಡ್ಡು ಕೊಡುತ್ತೇವೆ ಅನ್ನುವ ಖಾತರಿ ಪತ್ರ, ತೆರೆದು ಡಾಲರ್ ಕೊಡಬೇಕು. ಬ್ಯಾಂಕಿನಲ್ಲಿ ಡಾಲರ್ ಇಲ್ಲ. ಇನ್ನೊಂದು ಕಡೆ ಸರ್ಕಾರ ಅನೇಕ ಔಷಧಿಗಳಿಗೆ ಶ್ರೀಲಂಕಾ ರೂಪಾಯಿಯಲ್ಲಿ ಗರಿಷ್ಠ ಬೆಲೆ ಕಟ್ಟಿತ್ತು. ಮಾರ್ಚ್ 7ರ ತನಕ ಡಾಲರಿಗೆ 200 ರೂಪಾಯಿ ಚಿಲ್ಲರೆ ಇದ್ದದ್ದು ಮೇ ಹೊತ್ತಿಗೆ 360ರ ಹತ್ತಿರ ಹೋಯಿತು. ಹಳೆಯ ಬೆಲೆಗೆ ಮಾರಿದರೆ ಪ್ರತಿ ಪೆಟ್ಟಿಗೆಗೂ ನಷ್ಟ ಅಂದಮೇಲೆ ಯಾವ ಆಮದುದಾರ ತರಿಸುತ್ತಾನೆ? ಆಮೇಲೆ ಸರ್ಕಾರ ಮಾರ್ಚಿನಲ್ಲಿ ಔಷಧಿಗಳ ಬೆಲೆ ಶೇ. 29 ಏರಿಸಿತು, ಏಪ್ರಿಲ್ ಕೊನೆಗೆ ಮತ್ತೆ ಶೇ. 40. ಲೆಕ್ಕದವನು ನಾನು, ಕೂತು ಹಾಕಿ ನೋಡಿದೆ. ಎರಡೂ ಸಲ ಏರಿದ ಔಷಧಿಯಾದರೆ 100 ರೂಪಾಯಿಯದ್ದು 180 ರೂಪಾಯಿ. ಡಾಲರ್ ಏರಿದ್ದೂ ಅಷ್ಟೇ. ಅಂದರೆ ಅಂಗಡಿಯವರನ್ನು ಬೈದು ಪ್ರಯೋಜನ ಇರಲಿಲ್ಲ. ರೂಪಾಯಿ ಬಿದ್ದ ನಷ್ಟವನ್ನು ಎತ್ತಿಕೊಂಡು ಹೋಗಿ ರೋಗಿಯ ಜೇಬಿಗೆ ಹಾಕಿದ್ದು, ಅಷ್ಟೇ ಆಗಿದ್ದು. ಸಂಬಳ ಮಾತ್ರ ಹಳೆಯದೇ.

ಮೊದಲು ಸಿಆರ್ ಮಾತ್ರೆ ಕಾಣೆಯಾಯಿತು. ಒಂದೇ ದಿನ ಎಲ್ಲ ಕಡೆ ಖಾಲಿಯಾಗಲಿಲ್ಲ. ನನ್ನ ಮಾಮೂಲಿ ಅಂಗಡಿಯಲ್ಲಿ ಮೂರು ತಿಂಗಳಿಗೆ ಕೇಳಿದರೆ ಒಂದು ತಿಂಗಳಿಗೆ ಕೊಟ್ಟರು. ಆಮೇಲೆ ಎರಡು ಸ್ಟ್ರಿಪ್. ಆಮೇಲೆ ಒಂದು ದಿನ "ಮುಂದಿನ ವಾರ ನೋಡಿ ಸರ್" ಅಂದರು. ಆ ಮುಂದಿನ ವಾರ ಬರಲೇ ಇಲ್ಲ. ಬೇರೆ ಅಂಗಡಿಗಳಿಗೆ ಫೋನ್ ಮಾಡುತ್ತಾ ಹೋದೆವು. ಕೆಲವರು ಮಾಮೂಲಿ ಗಿರಾಕಿಗಳಿಗೆ ಅಂತ ಒಳಗೆ ಇಟ್ಟುಕೊಂಡಿದ್ದರು, ಅವರ ಮೇಲೂ ನನಗೆ ಸಿಟ್ಟಿಲ್ಲ, ನಾನೂ ಒಬ್ಬ ಅಂಗಡಿಯವರಿಗೆ ಮಾಮೂಲಿ ಗಿರಾಕಿಯೇ ಆಗಿದ್ದೆ. ಕೊನೆಗೆ ಸಿಕ್ಕಿದ್ದು ಬೇರೆ ಕಂಪನಿಯ ಸಾದಾ ಕಾರ್ಬಮಜೆಪೀನ್. ಹೆಸರು ಅದೇ, ಮಿಲಿಗ್ರಾಂ ಅದೇ, ಆದರೆ ನಿಧಾನವಾಗಿ ಕರಗುವಂಥದ್ದಲ್ಲ.

ಅದನ್ನು ನುಂಗುವ ಮುಂಚೆ ಡಾಕ್ಟರನ್ನು ನೋಡಬೇಕಿತ್ತು. ಅಲ್ಲಿ ಸರ್ಕಾರಿ ಆಸ್ಪತ್ರೆಯ ತಜ್ಞರೇ ಸಂಜೆ ಖಾಸಗಿ ಆಸ್ಪತ್ರೆಗಳಲ್ಲಿ ಕೂರುತ್ತಾರೆ, ದುಡ್ಡು ಕಟ್ಟಿ ಹೀಗೆ ತೋರಿಸುವುದಕ್ಕೆ ಚಾನೆಲ್ ಮಾಡುವುದು ಅನ್ನುತ್ತಾರೆ. ಹೊರದೇಶದವನಾದ ನನಗೆ ಅದೇ ದಾರಿ. ನಮ್ಮ ನ್ಯೂರಾಲಜಿಸ್ಟ್ ಸಮಾಧಾನದ ಮನುಷ್ಯ. ಸಾದಾ ಮಾತ್ರೆಯಾದರೆ ದಿನಕ್ಕೆ ಎರಡಲ್ಲ, ಡೋಸ್ ಭಾಗ ಮಾಡಿ ಮೂರು ಹೊತ್ತು ತಗೊಳ್ಳಿ ಅಂದರು. ಜೊತೆಗೆ ರಕ್ತದಲ್ಲಿ ಔಷಧಿಯ ಮಟ್ಟ ನೋಡುವ ಪರೀಕ್ಷೆ ಬರೆದುಕೊಟ್ಟರು. ಲ್ಯಾಬಿಗೆ ಹೋದರೆ ಆ ಪರೀಕ್ಷೆಗೆ ಬೇಕಾದ ರಾಸಾಯನಿಕ ಮುಗಿದಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ ಅಂದರು. ಅದೂ ಆಮದು ಮಾಲೇ ತಾನೇ! ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆ ಮಾಡಿಸುವ ದಿನ ಕರೆಂಟ್ ಇಲ್ಲ, ಜನರೇಟರಿಗೆ ಡೀಸೆಲ್ ಉಳಿಸಬೇಕು ಅಂತ ಮುಂದಕ್ಕೆ ಹಾಕಿದರು. ಹಾಗಾಗಿ ಅಳೆದು ನೋಡದೆ, ನನ್ನ ಬಾಯಿಮಾತು ಕೇಳಿ ಡೋಸ್ ಹೊಂದಿಸುವ ಪರಿಸ್ಥಿತಿ ಅವರದ್ದು.

ಸಾದಾ ಮಾತ್ರೆ ತಗೊಂಡ ಒಂದೆರಡು ಗಂಟೆಗೆ ಕಣ್ಣಿಗೆ ಎಲ್ಲವೂ ಎರಡೆರಡು ಕಾಣುತ್ತಿತ್ತು. ತಲೆ ತಿರುಗು. ಔಷಧಿ ಒಮ್ಮೆಲೇ ರಕ್ತಕ್ಕೆ ಏರುವುದರಿಂದ ಹಾಗೆ ಆಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಅಂಕಿ ಸಾಲು ಓದುವ ಕೆಲಸದವನಿಗೆ ಇದು ಸಣ್ಣ ಕಷ್ಟವಲ್ಲ. ಮ್ಯಾನೇಜರಿಗೆ ವಿಷಯ ಹೇಳಿಯೇ ಬಿಟ್ಟೆ. ಅಲ್ಲಿಯ ತನಕ ಆಫೀಸಿನಲ್ಲಿ ಯಾರಿಗೂ ನನ್ನ ಕಾಯಿಲೆ ಗೊತ್ತಿರಲಿಲ್ಲ. ಆತ ಒಳ್ಳೆಯವನು, ಬೆಳಗಿನ ಕೆಲಸ ಮಧ್ಯಾಹ್ನಕ್ಕೆ ಬದಲಾಯಿಸಿದ. ಮಧ್ಯಾಹ್ನ ಕರೆಂಟ್ ಇದ್ದರೆ, ಅನ್ನಿ.

ಕರೆಂಟಿನ ಮಾತು ಬಂತು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಪವರ್ ಕಟ್ ಅಂತ ಘೋಷಿಸಿದರು. ಕೊಲಂಬೊದ ಸೆಕೆ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಫ್ಯಾನ್ ಇಲ್ಲದೆ, ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಬೇಗೆ, ಯಾವಾಗಲೋ ಬೆಳಗಿನ ಜಾವ ಜೊಂಪು ಹತ್ತುವ ಹೊತ್ತಿಗೆ ಹಾಲಿನ ಪುಡಿಗೋ ಗ್ಯಾಸಿಗೋ ಕ್ಯೂ ನಿಲ್ಲಲು ಪಕ್ಕದ ಮನೆಯವರು ಎದ್ದು ಗದ್ದಲ. ಬೇರೆಯವರಿಗೆ ನಿದ್ದೆಗೆಟ್ಟರೆ ಮರುದಿನ ಆಕಳಿಕೆ. ನನ್ನಂಥವರಿಗೆ ಫಿಟ್ಸ್ ಬರಲು ಅದೊಂದೇ ಕಾರಣ ಸಾಕು. ಕ್ಯೂ ಕೆಲಸವನ್ನೆಲ್ಲ ಹೆಂಡತಿಯೇ ವಹಿಸಿಕೊಂಡಳು. "ರೀ, ನೀವು ಮಲಗಿ, ಅದೇ ನಿಮ್ಮ ಕೆಲಸ" ಅನ್ನುತ್ತಿದ್ದಳು. ಗಂಡಸು ಮನೆಯಲ್ಲಿ ಮಲಗಿ ಹೆಂಗಸು ಬಿಸಿಲಲ್ಲಿ ಸಿಲಿಂಡರ್ ಕಾಯುವುದು ನೋಡಿ ಓಣಿಯವರು ಏನೆಂದುಕೊಂಡರೋ!

ಗ್ಯಾಸ್ ಸಿಗದೆ ಅರ್ಧ ಊರು ಸೀಮೆಎಣ್ಣೆ ಒಲೆಗೆ, ಸೌದೆಗೆ ಇಳಿಯಿತು. ಫಿಟ್ಸ್ ಇರುವವರಿಗೆ ತೆರೆದ ಬೆಂಕಿಯ ಹತ್ತಿರ ಅಡುಗೆ ಮಾಡುವುದು ಬಲು ಅಪಾಯ, ಬಿದ್ದರೆ ಸುಡುತ್ತದೆ, ಎಚ್ಚರವೂ ಇರುವುದಿಲ್ಲ. ಹಾಗಾಗಿ ನಾನು ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಪೆಟ್ರೋಲ್ ಇಲ್ಲದ್ದಕ್ಕೆ ಊರಿಗೂರೇ ಸೈಕಲ್ ಹತ್ತಿತು, ಸೈಕಲ್ ಬೆಲೆ ಆಕಾಶಕ್ಕೆ ಹೋಯಿತು, ಸೂಟು ಹಾಕಿದ ಬ್ಯಾಂಕಿನವರೂ ಸೈಕಲ್ಲಿನಲ್ಲಿ ಹೋಗುವುದು ನೋಡಿ ಎಲ್ಲರಿಗೂ ಖುಷಿ. ನನಗೆ ಅದೂ ಇಲ್ಲ. ಹತೋಟಿ ತಪ್ಪುತ್ತಿರುವ ಫಿಟ್ಸ್ ಇಟ್ಟುಕೊಂಡು ರಸ್ತೆಯಲ್ಲಿ ಸೈಕಲ್ ಹತ್ತುವ ಹಾಗಿಲ್ಲ. ನಡೆಯುವುದು, ಇಲ್ಲವೇ ಕಾಲಿಡಲು ಜಾಗವಿಲ್ಲದ ಬಸ್ಸು. ಸಂಕಟದಿಂದ ಪಾರಾಗಲು ಊರು ಹುಡುಕಿಕೊಂಡ ಉಪಾಯಗಳಲ್ಲಿ ಎಷ್ಟು ನಮ್ಮಂಥವರಿಗೆ ಒಗ್ಗುವುದಿಲ್ಲ ಅಂತ ಯಾವ ಪತ್ರಿಕೆಯಲ್ಲೂ ಓದಿದ ನೆನಪಿಲ್ಲ. ಆಗ ಪತ್ರಿಕೆ ಅಚ್ಚಾಗಲು ಕಾಗದಕ್ಕೇ ಬರ ಇತ್ತು, ಬಿಡಿ.

ಏಪ್ರಿಲ್ 12ರಂದು ಸರ್ಕಾರ ಹೊರದೇಶದ ಸಾಲ ಕಟ್ಟಲಾಗುವುದಿಲ್ಲ ಅಂತ ಕೈ ಎತ್ತಿತು. 5,100 ಕೋಟಿ ಡಾಲರ್ ಸಾಲ. ನಾನು ಆ ಸಂಜೆಯೇ ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. "ಮಾತ್ರೆ ತಾನೇ, ನಾಳೆಯೇ ಕೊರಿಯರ್ ಮಾಡ್ತೀನಿ ಕಣೋ" ಅಂದ. ಅಷ್ಟು ಸುಲಭ ಇರಲಿಲ್ಲ. ಔಷಧಿ ಪಾರ್ಸೆಲ್ ಕಸ್ಟಮ್ಸಿನಲ್ಲಿ ಎಷ್ಟು ದಿನ ಕೂರುತ್ತದೋ, ಬಿಸಿಲಿನ ಗೋದಾಮಿನಲ್ಲಿ ಏನಾಗುತ್ತದೋ. ಬರುವವರ ಕೈಯಲ್ಲಿ ಕಳಿಸುವುದೇ ವಾಸಿ ಅಂತಾಯಿತು. ಡಾಕ್ಟರ್ ಒಂದು ಪತ್ರ ಬರೆದುಕೊಟ್ಟರು. ರೋಗಿಯ ಹೆಸರು, ಕಾಯಿಲೆ, ಔಷಧಿಯ ಮೂಲ ಹೆಸರು, ಡೋಸ್, ಎಷ್ಟು ತಿಂಗಳಿಗೆ ಬೇಕು, ಸಹಿ, ಸೀಲು. ಮೂಲ ಹೆಸರು ಬರೆಸುವುದು ಬಹಳ ಮುಖ್ಯ. ಕೊಲಂಬೊದಲ್ಲಿ ಟೆಗ್ರೆಟಾಲ್ ಅಂತ ಬರುವ ಕಾರ್ಬಮಜೆಪೀನೇ ಇಂಡಿಯಾದಲ್ಲಿ ಟೆಗ್ರಿಟಾಲ್, ಒಂದೇ ಔಷಧಿ. ಆದರೆ ಬೇರೆ ಬ್ರ್ಯಾಂಡುಗಳಿಗೆ ಇಷ್ಟು ಹೋಲಿಕೆ ಇರುವುದಿಲ್ಲ, ಪರಿಚಯ ಇಲ್ಲದ ಅಂಗಡಿಯವರು ತಪ್ಪಾಗಿ ಕೊಟ್ಟರೆ ಕಥೆ ಮುಗಿಯಿತು. ಫಿಟ್ಸಿಗೇ ಕೊಡುವ ಇನ್ನೊಂದು ಮಾತ್ರೆ ಕ್ಲೋಬಜಾಮ್ ಕೂಡ ತರಿಸಿಕೊಳ್ಳಲಾ ಅಂತ ಕೇಳಿದ್ದಕ್ಕೆ ಡಾಕ್ಟರ್ ಬೇಡ ಅಂದರು. ಅದು ಅಂತರರಾಷ್ಟ್ರೀಯ ನಿಯಂತ್ರಣದಲ್ಲಿರುವ ಮನೋಔಷಧಿಗಳ ಪಟ್ಟಿಯಲ್ಲಿದೆ. ಫಿಟ್ಸಿಗೆ ಎಲ್ಲಕ್ಕಿಂತ ಅಗ್ಗದ ಮಾತ್ರೆ ಫಿನೋಬಾರ್ಬಿಟಾಲ್ ಕೂಡ ಅದೇ ಪಟ್ಟಿಯಲ್ಲಿದೆ. ಬಡವರ ಮಾತ್ರೆಗೇ ಕಾಗದಪತ್ರ ಜಾಸ್ತಿ.

ಅಣ್ಣನ ಮಾತ್ರೆ ಬರುವ ಮುಂಚೆಯೇ ಫಿಟ್ಸ್ ಬಂತು. ಮೇ 9ರಂದು ಕೊಲಂಬೊದ ಕಡಲದಂಡೆಯ ಗಾಲ್ ಫೇಸ್ ಮೈದಾನದಲ್ಲಿ ಪ್ರತಿಭಟನೆ ಮಾಡುತ್ತಿದ್ದವರ ಮೇಲೆ ಹಲ್ಲೆಯಾಗಿ, ಪ್ರಧಾನಿ ಮಹಿಂದ ರಾಜಪಕ್ಸ ರಾಜೀನಾಮೆ ಕೊಟ್ಟು, ದೇಶದ ತುಂಬ ಬೆಂಕಿ, ಕರ್ಫ್ಯೂ. ಆ ಕರ್ಫ್ಯೂ ಒಳಗೇ ಒಂದು ಬೆಳಿಗ್ಗೆ. ನನಗೆ ಏನೂ ನೆನಪಿಲ್ಲ. ಹಲ್ಲುಜ್ಜಲು ಹೋದದ್ದು ಗೊತ್ತು, ಆಮೇಲೆ ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದೆ, ನಾಲಿಗೆ ಕಚ್ಚಿ ಬಾಯಲ್ಲಿ ರಕ್ತದ ರುಚಿ, ಮೈಯೆಲ್ಲ ಯಾರೋ ಬಡಿದ ಹಾಗೆ. ಹೆಂಡತಿ ಗಡಿಯಾರ ನೋಡಿಕೊಂಡಿದ್ದಳು. ಐದು ನಿಮಿಷ ದಾಟಿದರೆ ತುರ್ತು ಅಂತ ಅವಳಿಗೆ ಗೊತ್ತು. ಬಾಯಿಗೆ ಏನೂ ತುರುಕಲಿಲ್ಲ, ಕೈಗೆ ಕಬ್ಬಿಣ ಕೊಡಲಿಲ್ಲ, ತಲೆಯ ಕೆಳಗೆ ಟವೆಲ್ ಇಟ್ಟು ಪಕ್ಕಕ್ಕೆ ತಿರುಗಿಸಿದ್ದಳು. ಐದು ನಿಮಿಷದೊಳಗೆ ನಿಂತಿತಂತೆ. ಆದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ಶುರುವಾಯಿತು. ಆಗ ಅವಳು 1990ಕ್ಕೆ ಫೋನ್ ಮಾಡಿದಳು.

1990 ಅಂದರೆ ಸುವ ಸೆರಿಯ, ಅಲ್ಲಿನ ಉಚಿತ ಆಂಬುಲೆನ್ಸ್. 2016ರಲ್ಲಿ ಭಾರತದ ನೆರವಿನಿಂದ ಶುರುವಾದದ್ದು. ಕರ್ಫ್ಯೂ ನಡುವೆ, ಪೆಟ್ರೋಲಿಗೆ ಪರದಾಡುವ ಊರಿನಲ್ಲಿ ಅವರು ಬಂದರು. ಬಂದ ಹುಡುಗರು ಏನು ಮಾಡಿದರು ಅಂತ ಹೆಂಡತಿ ಈಗಲೂ ಮೆಚ್ಚಿ ಹೇಳುತ್ತಾಳೆ, ಒಂದು ಕ್ಷಣವೂ ಗಾಬರಿಯಾಗದೆ ಆಮ್ಲಜನಕ ಹಾಕಿ, ಸಕ್ಕರೆ ಮಟ್ಟ ನೋಡಿ, ಮೆಟ್ಟಿಲಿನ ಮೇಲಿಂದ ಹೊತ್ತು ಇಳಿಸಿ (ಲಿಫ್ಟ್ ಎಲ್ಲಿಯದು, ಕರೆಂಟ್ ಇಲ್ಲ) ಆಸ್ಪತ್ರೆ ಮುಟ್ಟಿಸಿದರಂತೆ.

ಯಾಕೆ ಬಂತು ಅಂತ ಡಾಕ್ಟರನ್ನು ಕೇಳಿದೆ. ಮಾತ್ರೆ ಬದಲಾಗಿದೆ, ನಿದ್ದೆ ಇಲ್ಲ, ಸೆಕೆ, ಚಿಂತೆ, ಯಾವುದು ಅಂತ ಹೇಳಲಿ ಅಂದರು. ಒಂದು ಡೋಸೂ ತಪ್ಪಿಸಿರಲಿಲ್ಲ ನಾನು. ಆದರೂ ಬಂತು. ಮಾತ್ರೆ ಪೂರ್ತಿ ಇಲ್ಲವಾದರೆ ಮಾತ್ರ ಅಪಾಯ ಅಂದುಕೊಳ್ಳುತ್ತೇವೆ. ಇಲ್ಲಿ ಆಗಿದ್ದು ಎಲ್ಲವೂ ಸ್ವಲ್ಪ ಸ್ವಲ್ಪ ಕೆಟ್ಟದ್ದು.

ಅದೇ ಮೇ ತಿಂಗಳು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಅಪಸ್ಮಾರ (ಅದೇ ಮೂರ್ಛೆ ರೋಗ) ಮತ್ತಿತರ ನರರೋಗಗಳಿಗೆ 2022ರಿಂದ 2031ರ ತನಕದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 90-80-70 ಅಂತ ಒಂದು ಗುರಿ ಇದೆ. ಅಪಸ್ಮಾರ ಇರುವವರಲ್ಲಿ ಶೇ. 90 ಜನಕ್ಕೆ ತಮಗೆ ಏನಾಗಿದೆ ಅಂತ ಗೊತ್ತಿರಬೇಕು, ಶೇ. 80 ಜನಕ್ಕೆ ಕೈಗೆಟುಕುವ ಬೆಲೆಯಲ್ಲಿ ಸರಿಯಾದ ಔಷಧಿ ಸಿಗಬೇಕು, ಚಿಕಿತ್ಸೆ ಪಡೆದವರಲ್ಲಿ ಶೇ. 70 ಜನಕ್ಕೆ ಫಿಟ್ಸ್ ಹತೋಟಿಯಲ್ಲಿರಬೇಕು. ಒಳ್ಳೆಯ ಗುರಿಯೇ. ಸರಿಯಾದ ಔಷಧಿ ಸಿಕ್ಕರೆ ನೂರರಲ್ಲಿ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬಾಳಬಹುದು ಅಂತ ಅದೇ ಸಂಸ್ಥೆ ಹೇಳುತ್ತದೆ. ನಾನು ಆ ಎಪ್ಪತ್ತರಲ್ಲಿ ಒಬ್ಬನಾಗಿದ್ದೆ. ಒಂದು ದೇಶದ ಬ್ಯಾಂಕಿನಲ್ಲಿ ಡಾಲರ್ ಮುಗಿದದ್ದಕ್ಕೆ ಮೂವತ್ತರ ಕಡೆಗೆ ಜಾರಿದೆ. ನನ್ನ ಮೆದುಳಿನಲ್ಲಿ ಹೊಸದಾಗಿ ಏನೂ ಆಗಿರಲಿಲ್ಲ.

ಡಾಕ್ಟರ್ ಔಷಧಿಯನ್ನೇ ಬದಲಿಸೋಣ ಅಂದರು. ಲೆವೆಟಿರಾಸಿಟಮ್. ಅದನ್ನು ಬೇಕಾದಷ್ಟು ಕಂಪನಿಗಳು ಮಾಡುತ್ತವೆ, ಒಂದು ಸಿಗದಿದ್ದರೆ ಇನ್ನೊಂದು ಸಿಗುತ್ತದೆ, ರಕ್ತದ ಮಟ್ಟ ನೋಡಲೇಬೇಕು ಅಂತಿಲ್ಲ. ಗಮನಿಸಿ, ನನ್ನ ದೇಹಕ್ಕೆ ಯಾವುದು ಒಳ್ಳೆಯದು ಅನ್ನುವುದರ ಜೊತೆಗೆ ಹಡಗಿನಲ್ಲಿ ಯಾವುದು ಬರಬಹುದು ಅಂತಲೂ ನೋಡಿ ಚೀಟಿ ಬರೆಯಬೇಕಾದ ಕಾಲ. ಅವರು ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದರು, ಅದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಬದಲಿಸುವುದು ಅಂದರೆ ಇವತ್ತು ಇದನ್ನು ಬಿಟ್ಟು ನಾಳೆ ಅದನ್ನು ಹಿಡಿಯುವುದಲ್ಲ. ಹೊಸದನ್ನು ಕಡಿಮೆಯಿಂದ ಶುರು ಮಾಡಿ ಹಂತ ಹಂತವಾಗಿ ಏರಿಸಬೇಕು, ಅದು ನೆಲೆಯಾದ ಮೇಲೆ ಹಳೆಯದನ್ನು ಮೆಲ್ಲಗೆ ಇಳಿಸಬೇಕು. ಅಂದರೆ ಎಷ್ಟೋ ವಾರ ಎರಡೂ ಮಾತ್ರೆ ಕೈಯಲ್ಲಿರಬೇಕು. ಕೊರತೆಯ ಕಾಲದಲ್ಲಿ ಎರಡೆರಡು! ಅಷ್ಟು ಹೊತ್ತಿಗೆ ಅಣ್ಣನ ಕಡೆಯವರೊಬ್ಬರು ಕೆಲಸದ ಮೇಲೆ ಬಂದರು, ಡಬ್ಬಿ ಸಿಕ್ಕಿತು, ಬಚಾವ್. ಹೆಂಡತಿ ಕ್ಯಾಲೆಂಡರಿನಲ್ಲಿ ಯಾವ ವಾರ ಯಾವುದು ಎಷ್ಟು ಅಂತ ಎರಡು ಬಣ್ಣದಲ್ಲಿ ಬರೆದಳು. ಇಂಥ ಬದಲಾವಣೆ ಮಾಡುವವರು ಇದೊಂದು ಕೆಲಸ ಮಾಡಿ, ಬಹಳ ಉಪಯೋಗ.

ಲೆವೆಟಿರಾಸಿಟಮ್ ಕೆಲವರಿಗೆ ಸಿಟ್ಟು ತರಿಸುತ್ತದೆ. ನನಗೆ ತರಿಸಿತು. ಸಣ್ಣದಕ್ಕೂ ರೇಗುತ್ತಿದ್ದೆ, ಚಮಚ ಬಿದ್ದರೆ ಕೂಗುತ್ತಿದ್ದೆ. ಮಜಾ ಏನೆಂದರೆ ಆಗ ಊರೇ ಸಿಟ್ಟಿನಲ್ಲಿತ್ತು, ಯಾವುದು ಮಾತ್ರೆಯ ಸಿಟ್ಟು, ಯಾವುದು ಸರ್ಕಾರದ ಮೇಲಿನ ಸಿಟ್ಟು ಅಂತ ಹೇಗೆ ಗೊತ್ತಾಗಬೇಕು? ಜುಲೈ 9ಕ್ಕೆ ಜನ ಅಧ್ಯಕ್ಷರ ಮನೆಗೆ ನುಗ್ಗಿದರು. ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋಗಿ ಜುಲೈ 14ರಂದು ರಾಜೀನಾಮೆ ಕಳಿಸಿದರು. ನನ್ನ ಸಿಟ್ಟು ಆಮೇಲೂ ಇಳಿಯಲಿಲ್ಲ. ಆಗ ಗೊತ್ತಾಯಿತು, ಮಾತ್ರೆಯದ್ದೇ ಅಂತ. ಡಾಕ್ಟರ್ ಏರಿಸುವ ವೇಗ ತಗ್ಗಿಸಿದ ಮೇಲೆ ನಿಧಾನವಾಗಿ ಕಡಿಮೆಯಾಯಿತು.

ನನ್ನ ಕಥೆಯಲ್ಲಿ ಅಣ್ಣ ಇದ್ದ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಅದೇ ಡಾಕ್ಟರ ಬಾಗಿಲಲ್ಲಿ ಒಬ್ಬ ತಮಿಳು ತಾಯಿಯ ಪರಿಚಯವಾಯಿತು, ನನ್ನ ಅರ್ಧಂಬರ್ಧ ತಮಿಳಿನಲ್ಲಿ ಮಾತಾಡುತ್ತಿದ್ದೆ. ಚಿಕ್ಕ ಮಗಳಿಗೆ ಫಿಟ್ಸ್, ವಾಲ್ಪ್ರೊಯೇಟ್ ಸಿರಪ್. ಗಂಡ ತ್ರೀವೀಲರ್ ಓಡಿಸುವವರು, ಅಂದರೆ ಪೆಟ್ರೋಲ್ ಇಲ್ಲದ ದಿನ ಸಂಪಾದನೆಯೂ ಇಲ್ಲ. ಶ್ರೀಲಂಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಪೂರ್ತಿ ಉಚಿತ, ಕ್ಲಿನಿಕ್ ಪುಸ್ತಕ ತೋರಿಸಿದರೆ ತಿಂಗಳ ಔಷಧಿ ಅಲ್ಲೇ ಕೊಡುತ್ತಾರೆ. ಎಷ್ಟೋ ದೊಡ್ಡ ದೇಶಗಳಲ್ಲೂ ಇಲ್ಲದ ವ್ಯವಸ್ಥೆ ಅದು. ಬಿಕ್ಕಟ್ಟು ಅದನ್ನು ಮುಚ್ಚಲಿಲ್ಲ, ಒಳಗಿಂದ ಪೊಳ್ಳು ಮಾಡಿತು. ಡಾಕ್ಟರ್ ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಕೌಂಟರಿನಲ್ಲಿ ಔಷಧಿ ಇಲ್ಲ, ಹೊರಗೆ ಕೊಳ್ಳಿ ಅಂತ ಚೀಟಿ. ಹೊರಗಿನ ಬೆಲೆ ಮೇಲೆ ಹೇಳಿದೆನಲ್ಲ. ಆಕೆ ಸಿರಪ್ ಹುಡುಕಿ ಸುತ್ತಿ ಸುತ್ತಿ ಸಾಕಾಗಿದ್ದರು. ದೊಡ್ಡವರ ಮಾತ್ರೆ ಪುಡಿ ಮಾಡಿ ಕೊಡಲಾ ಅಂತ ಕೇಳಿದರೆ ಹೊರ ಕವಚ ಇರುವ ವಾಲ್ಪ್ರೊಯೇಟ್ ಪುಡಿ ಮಾಡಬಾರದು ಅಂತ ಡಾಕ್ಟರ್ ಅಂದರು. ಮಗುವಿಗೆ ಮಾತ್ರೆ ನುಂಗಲು ಬರುವುದಿಲ್ಲ. ಡಾಕ್ಟರ ಪತ್ರ ಕಳಿಸಿ, ಅಣ್ಣ ಅಲ್ಲಿನ ಡಾಕ್ಟರ ಚೀಟಿಯನ್ನೂ ಮಾಡಿಸಿ, ಎರಡನೇ ಸಲದ ಪೊಟ್ಟಣದಲ್ಲಿ ಆ ಮಗುವಿಗೂ ಸಿರಪ್ ಬಂತು. ಇದು ಪರಿಹಾರ ಅಲ್ಲ. ಒಂದು ಮಗುವಿಗಾಯಿತು, ಆ ಸಾಲಿನಲ್ಲಿ ಇನ್ನೂ ಎಷ್ಟು ಮಕ್ಕಳು ಕೂತಿದ್ದವು.

ಜೂನ್ ಕೊನೆಯಿಂದ ಜುಲೈ 10ರ ತನಕ ಅಗತ್ಯ ಸೇವೆಗಳಿಗೆ ಬಿಟ್ಟು ಬೇರೆ ಯಾರಿಗೂ ಪೆಟ್ರೋಲ್ ಇಲ್ಲ ಅಂತ ಆದೇಶವಾಯಿತು. ದೂರದ ಊರಿನವರು ಕ್ಲಿನಿಕ್ಕಿಗೆ ಬರಲಾಗಲಿಲ್ಲ. ಇದ್ದ ಮಾತ್ರೆಯನ್ನೇ ದಿನ ಬಿಟ್ಟು ದಿನ ತಗೊಂಡು ಹೇಗೋ ಎಳೆದ ಎಷ್ಟೋ ಜನರನ್ನು ಆಮೇಲೆ ನೋಡಬೇಕಾಯಿತು ಅಂತ ಡಾಕ್ಟರ್ ಹೇಳಿದರು. ಅವರೇ ಆಸ್ಪತ್ರೆಗೆ ಹೋಗಲು ಕಾರಿಗೆ ಪೆಟ್ರೋಲ್ ಕಾದು ನಿಲ್ಲುತ್ತಿದ್ದರು.

ಭಾರತದಿಂದ ಬಹಳ ಸಹಾಯ ಬಂತು, ಅದನ್ನೂ ಹೇಳಬೇಕು. ಮಾರ್ಚಿನಲ್ಲಿ ಆಹಾರ, ಔಷಧಿಗಾಗಿ 100 ಕೋಟಿ ಡಾಲರ್ ಸಾಲದ ವ್ಯವಸ್ಥೆ. ಏಪ್ರಿಲ್ ಕೊನೆಗೆ ನೌಕಾಪಡೆಯ ಘರಿಯಾಲ್ ಹಡಗಿನಲ್ಲಿ ಔಷಧಿ. ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರದ ಅಕ್ಕಿ, ಹಾಲಿನ ಪುಡಿ, ಔಷಧಿಯ ಹಡಗು. ಆದರೆ ದಾನದ ಔಷಧಿಗೂ ಫಿಟ್ಸಿಗೂ ಒಂದು ತೊಡಕಿದೆ. ಒಂದು ತಿಂಗಳು ಒಂದು ಕಂಪನಿಯದ್ದು, ಮುಂದಿನ ತಿಂಗಳು ಇನ್ನೊಂದರದ್ದು ಬಂದರೆ ಜ್ವರದ ಮಾತ್ರೆಗೆ ನಡೆಯುತ್ತದೆ, ಫಿಟ್ಸ್ ಮಾತ್ರೆಗೆ ಅಷ್ಟು ಸಲೀಸಲ್ಲ. ಕಂಪನಿ ಬದಲಾದಾಗಲೆಲ್ಲ ರೋಗಿಗೂ ಡಾಕ್ಟರಿಗೂ ಎದೆ ಢವಢವ. ಅವಸರದ ಖರೀದಿಯಲ್ಲಿ ಗುಣಮಟ್ಟದ ಭಯ ಬೇರೆ. ಆ ಭಯ ಸುಮ್ನೆ ಅಲ್ಲ, ಕಳಪೆ ಇಮ್ಯುನೊಗ್ಲಾಬ್ಯುಲಿನ್ (ರೋಗನಿರೋಧಕ ಪ್ರೋಟೀನಿನ ಇಂಜೆಕ್ಷನ್) ಖರೀದಿಯ ಹಗರಣದಲ್ಲಿ 2024ರ ಫೆಬ್ರವರಿಯಲ್ಲಿ ಅಲ್ಲಿನ ಮಾಜಿ ಆರೋಗ್ಯ ಸಚಿವರನ್ನೇ ಬಂಧಿಸಿದರು.

2023ರ ಮಾರ್ಚಿನಲ್ಲಿ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ, ಸುಮಾರು 300 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಕ್ಯೂಗಳು ಅದಕ್ಕೂ ಮುಂಚೆಯೇ ಕರಗಿದ್ದವು, ಪೆಟ್ರೋಲಿಗೆ ಕ್ಯೂಆರ್ ಕೋಡ್ ಬಂದಿತ್ತು. ಹೊರಗಿನವರ ಕಣ್ಣಿಗೆ ಎಲ್ಲ ಸರಿಹೋಯಿತು. ಔಷಧಿ ಅಂಗಡಿಯಲ್ಲಿ ಹಾಗೇನೂ ಇರಲಿಲ್ಲ, ಇವತ್ತು ಇದು ಇದ್ದರೆ ಅದು ಇಲ್ಲ. ಅಷ್ಟರಲ್ಲಿ ನೂರಾರು ಡಾಕ್ಟರುಗಳು ದೇಶ ಬಿಟ್ಟಿದ್ದರು, ತೆರಿಗೆ ಏರಿತ್ತು, ಸಂಬಳಕ್ಕೆ ಬೆಲೆ ಇರಲಿಲ್ಲ, ಅವರನ್ನು ಹೇಗೆ ದೂರುವುದು. ನಮ್ಮ ಡಾಕ್ಟರೂ ಹೊರಟರು. ಹೋಗುವ ಮುಂಚೆ ಎಲ್ಲ ರೋಗಿಗಳಿಗೂ ಒಂದು ಪುಟದ ಸಾರಾಂಶ ಬರೆದುಕೊಟ್ಟರು. ಯಾವ ಥರದ ಫಿಟ್ಸ್, ಯಾವ ಔಷಧಿ ಕೊಟ್ಟು ನೋಡಿದೆ, ಯಾವುದು ಒಗ್ಗಲಿಲ್ಲ, ಕೊನೆಯ ಫಿಟ್ಸ್ ಯಾವಾಗ. ಅದೇ ಹಾಳೆ ಹಿಡಿದುಕೊಂಡು ನಾವು ಆ ವರ್ಷ ಬೆಂಗಳೂರಿಗೆ ವಾಪಸಾದೆವು.

ಇಲ್ಲಿ ಹಳೆಯ ಸಿಆರ್ ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮತ್ತೆ ಅದಕ್ಕೇ ಹೋಗೋಣವಾ ಅಂತ ಇಲ್ಲಿನ ಡಾಕ್ಟರನ್ನು ಕೇಳಿದೆ. "ಈಗ ಫಿಟ್ಸ್ ಬರ್ತಾ ಇಲ್ಲ ಅಲ್ವಾ? ಹಾಗಾದರೆ ಸುಮ್ಮನೆ ಕೈ ಹಾಕಬೇಡಿ" ಅಂದರು. ಹಾಗಾಗಿ ಕೊಲಂಬೊದಲ್ಲಿ ಡಾಲರ್ ಇಲ್ಲ ಅಂತ ಶುರು ಮಾಡಿದ ಮಾತ್ರೆಯನ್ನೇ ಈಗಲೂ ನುಂಗುತ್ತಿದ್ದೇನೆ. ಆ ತಾಯಿ ಆಗಾಗ ಮೆಸೇಜ್ ಮಾಡುತ್ತಾರೆ. ಸಿರಪ್ ಈಗ ಕ್ಲಿನಿಕ್ಕಿಗೇ ಬರುತ್ತಿದೆಯಂತೆ, ಆದರೆ ತಿಂಗಳಿಗೆ ಅಂತ ಕೊಡುವುದಿಲ್ಲ, ಎರಡು ವಾರಕ್ಕೊಮ್ಮೆ ಮಗುವನ್ನು ಕರೆದುಕೊಂಡು ಬಸ್ಸು ಹತ್ತಬೇಕು.